ಶೂ, ಕ್ಯಾಲೆಂಡರ್, ಕೆರೆ-ದಡ

ಬೆಳಿಗ್ಗೆ, ಬಸವನಗುಡಿ

"ಶೂ ಹಾಕ್ಕೊಂಡು ಬಾ" ಅನ್ನುವುದು ಎರಡು ಸೆಕೆಂಡಿನ ಮಾತು. ಮಹಡಿ ಮನೆಯ ಹುಡುಗನಿಗೆ ಆ ಮಾತಿನೊಳಗೆ ಎಷ್ಟು ಕೆಲಸ ಇದೆ ಎಂದು ಮೆಟ್ಟಿಲ ಬಳಿ ನಿಂತು ಗಮನಿಸಿದೆ. ಆಡುತ್ತಿದ್ದುದನ್ನು ಬಿಡಬೇಕು. ಶೂ ಎಲ್ಲಿದೆ ಎಂದು ನೆನೆಯಬೇಕು. ದಾರಿಯಲ್ಲಿ ಬೆಕ್ಕು ಕಂಡರೂ ನಿಲ್ಲಬಾರದು. ಮೊದಲು ಕಾಲುಚೀಲ, ಆಮೇಲೆ ಶೂ. ಒಂದು ಕಾಲುಚೀಲ ಸಿಗದಿದ್ದರೆ ಬೇರೆ ಜೋಡಿ ತೆಗೆಯಬಹುದು ಎಂದು ಹೊಳೆಯಬೇಕು, ಅಳು ಬರಬಾರದು. ಕೆಳಗೆ ಆಟೋ ಕಾಯುತ್ತಿದೆ ಎಂಬುದು ಇಷ್ಟೆಲ್ಲದರ ನಡುವೆಯೂ ತಲೆಯಲ್ಲಿ ಉಳಿದಿರಬೇಕು. ಹುಡುಗನಿಗೆ ಹತ್ತು ವರ್ಷ. ಡೈನೊಸಾರ್‌ಗಳ ಹೆಸರನ್ನು ಅವುಗಳ ಕಾಲದ ಸಮೇತ ಒಪ್ಪಿಸುತ್ತಾನೆ. ಶೂ ಮಾತ್ರ ದಿನಾ ಹೊಸ ಸಮಸ್ಯೆ.

ಡಾಕ್ಟರು ಎಡಿಎಚ್‌ಡಿ ಅಂದಿದ್ದಾರೆ. ಅಜ್ಜ ಸೋಮಾರಿತನ ಅನ್ನುತ್ತಾರೆ. ಕ್ಲಾಸ್ ಟೀಚರ್, "ಬುದ್ಧಿ ಇದೆ, ಉಪಯೋಗಿಸಲ್ಲ." ಅಜ್ಜಿಯ ತೀರ್ಪು ಬೇರೆ: "ಅವರಪ್ಪನೂ ಹಂಗೇ ಇದ್ದ, ಈಗ ಸರಿಹೋಗ್ಲಿಲ್ವಾ?" ಸೊಸೆ ಒಳಗಿನಿಂದಲೇ, "ಸರಿಹೋದ್ರಾ? ಅವರ ಬೈಕ್ ಕೀ ದಿನಾ ಹುಡುಕಿಕೊಡೋಳು ನಾನಲ್ವಾ?" ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ವಂಶದ ಪಾತ್ರ ಬಹಳ ದೊಡ್ಡದು ಎಂದೇ ಹೇಳುತ್ತವೆ. ಹಾಗೆ ನೋಡಿದರೆ ಈ ಮನೆಯಲ್ಲಿ ಸಂಶೋಧನೆಗೆ ಹತ್ತಿರ ಇರುವವರು ಅಜ್ಜಿ, ಆದರೆ ಅವರ ಮಾತಿನ ಮೊದಲರ್ಧ ಮಾತ್ರ.

ಮೂರು ಕೆಲಸ

ಥೆರಪಿಗೆ ಮಕ್ಕಳನ್ನು ಕರೆದುಕೊಂಡು ಹೋಗಿಬರುವ ಅಮ್ಮಂದಿರು, ಶೂ ಹಾಕಿಕೊಳ್ಳುವುದಕ್ಕೂ ಬೇಕಾದ ಈ ಸಾಮರ್ಥ್ಯವನ್ನು ಸಲೀಸಾಗಿ "ಇ.ಎಫ್." ಅನ್ನುತ್ತಾರೆ. ಎಕ್ಸಿಕ್ಯುಟಿವ್ ಫಂಕ್ಷನಿಂಗ್. ಅಕಿರಾ ಮಿಯಾಕೆ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಲೇಖನ ಇದನ್ನು ಮೂರಾಗಿ ಬಿಡಿಸಿತು: ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದು ಆಗಾಗ ಹೊಸದಾಗಿಸಿಕೊಳ್ಳುವುದು, ಬೇಡವಾದ್ದನ್ನು ತಡೆಹಿಡಿಯುವುದು, ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದು. ಒಂದಕ್ಕೊಂದು ನಂಟಿದೆ, ಆದರೂ ಮೂರೂ ಬೇರೆಬೇರೆ. ಯೋಜನೆ ಹಾಕುವುದು, ಕೆಲಸಕ್ಕೆ ಕೈಹಚ್ಚುವುದು, ಸಿಟ್ಟು ನುಂಗುವುದು ಎಲ್ಲ ಈ ಮೂರರ ಮೇಲೆ ನಿಂತಿವೆ.

ಎಡಿಎಚ್‌ಡಿಯ ಬಗ್ಗೆ ಹೆಚ್ಚು ಬರೆದಿರುವ ರಸೆಲ್ ಬಾರ್ಕ್ಲಿ ವಾದ ಇದು: ಈ ಮಕ್ಕಳಿಗೆ ಏನು ಮಾಡಬೇಕೆಂದು ಗೊತ್ತಿಲ್ಲದೆ ಇಲ್ಲ, ಗೊತ್ತಿದ್ದುದನ್ನು ಬೇಕಾದ ಹೊತ್ತಿನಲ್ಲಿ ಮಾಡಲು ಆಗುವುದಿಲ್ಲ. ಹಾಗಿದ್ದರೆ ಬುದ್ಧಿವಾದ ಹೇಳುವುದರಿಂದ ಏನು ಉಪಯೋಗ? ಗೊತ್ತಿರುವುದನ್ನೇ ಇನ್ನೊಮ್ಮೆ ಗೊತ್ತುಮಾಡಿದಂತಾಯಿತು, ಅಷ್ಟೆ. ಈ ಬೀದಿಯಲ್ಲಿ ಬುದ್ಧಿವಾದಕ್ಕೆ ಬರವಿಲ್ಲ.

ಹತ್ತೂವರೆ, ಏಳೂವರೆ

ಎರಡು ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಫಿಲಿಪ್ ಷಾ ತಂಡ 2007ರಲ್ಲಿ ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿತು. ಮಿದುಳಿನ ಹೊರಪದರದ ಅರ್ಧಭಾಗ ತನ್ನ ಗರಿಷ್ಠ ದಪ್ಪ ಮುಟ್ಟುವ ನಡು ವಯಸ್ಸು ಎಡಿಎಚ್‌ಡಿ ಇರುವ ಮಕ್ಕಳಲ್ಲಿ 10.5 ವರ್ಷ, ಉಳಿದ ಮಕ್ಕಳಲ್ಲಿ 7.5. ಬೆಳವಣಿಗೆಯ ಕ್ರಮ ಹೆಚ್ಚುಕಡಿಮೆ ಒಂದೇ, ತಡ ಮಾತ್ರ ಇದೆ. ಹಣೆಯ ಹಿಂದಿನ ಭಾಗದಲ್ಲಿ ಆ ತಡ ಎಲ್ಲಕ್ಕಿಂತ ಹೆಚ್ಚು.

ಇದು ಗುಂಪಿನ ಲೆಕ್ಕ, ಒಂದೊಂದು ಮಗುವಿಗೂ ಹೊಂದಬೇಕಿಲ್ಲ. ಆದರೂ ಐದನೇ ಕ್ಲಾಸಿಗೆ ಬಂದ ಕೂಡಲೇ ಮಕ್ಕಳಿಗೆ ಹೇಳುವ ಮಾತು ನೆನಪಾಗುತ್ತದೆ: "ಈಗ ದೊಡ್ಡವರಾದಿರಿ, ಡೈರಿ ನೀವೇ ಬರ್ಕೊಳ್ಳಿ." ಬೆಂಬಲ ತೆಗೆಯುವ ವಯಸ್ಸನ್ನು ಶಾಲೆಗಳು ಜನನ ಪ್ರಮಾಣಪತ್ರ ನೋಡಿ ತೀರ್ಮಾನಿಸುತ್ತವೆ. ಬೇರೆ ಯಾವ ಪತ್ರ ನೋಡಬಹುದು? ಅದಕ್ಕೂ ನನ್ನ ಹತ್ತಿರ ಉತ್ತರವಿಲ್ಲ.

ಕ್ಯಾಲೆಂಡರ್ ಪ್ರಕರಣ

ಸ್ಪೆಷಲ್ ಎಜುಕೇಟರ್ ಹೇಳಿದರೆಂದು ಅಮ್ಮ ಒಂದು ಚಾರ್ಟ್ ಮಾಡಿ ಬಾಗಿಲ ಪಕ್ಕ ಅಂಟಿಸಿದ್ದಾಳೆ. ಚಿತ್ರಗಳು: ನೀರಿನ ಬಾಟಲಿ, ಡಬ್ಬಿ, ಡೈರಿ, ಕಾಲುಚೀಲ, ಶೂ. ಒಂದೊಂದು ಮುಗಿದಂತೆ ಹುಡುಗ ಕ್ಲಿಪ್ಪನ್ನು ಕೆಳಕ್ಕೆ ಸರಿಸಬೇಕು. ಅಜ್ಜನಿಗೆ ಕಸಿವಿಸಿ. "ಗೋಡೆ ನೋಡ್ಕೊಂಡು ಬದುಕ್ತಾನಾ? ತಲೆಯಲ್ಲಿ ಇಟ್ಕೊಳ್ಳೋದು ಯಾವಾಗ ಕಲೀತಾನೆ?"

ಅಜ್ಜನ ಬೆನ್ನ ಹಿಂದಿನ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇತ್ತು. ಮೈಸೂರು ರಸ್ತೆಯ ಆ ಮುದ್ರಣಾಲಯ 1921ರಿಂದ ಅಚ್ಚು ಹಾಕುತ್ತಿರುವ, ಹಳೇ ಬೆಂಗಳೂರಿನ ಮನೆಗಳು ಹೊಸ ವರ್ಷಕ್ಕೆ ಮುಂಚೆಯೇ ತಂದು ನೇತುಹಾಕುವ ಕ್ಯಾಲೆಂಡರ್. ತಾರೀಕಿನ ಚೌಕಗಳಲ್ಲಿ ಅಜ್ಜನದೇ ಅಕ್ಷರ: ಹೆಚ್ಚುವರಿ ಹಾಲು ಅರ್ಧ ಲೀಟರ್, ಗ್ಯಾಸ್ ಬಂತು, ಕೆಲಸದವಳು ಬರಲಿಲ್ಲ, ಬಿ.ಪಿ. ಚೆಕಪ್. ಕ್ಯಾಲೆಂಡರಿನ ಕೆಳಗಿನ ಸ್ಟೂಲಿನ ಮೇಲೆ ವಾರದ ಏಳು ಖಾನೆಗಳ ಮಾತ್ರೆ ಡಬ್ಬಿ. ಕನ್ನಡಕಕ್ಕೆ ಕೊರಳ ದಾರ. ಎಟಿಎಂ ಪಿನ್ ಇರುವ ಪುಟ್ಟ ಡೈರಿ ದೇವರ ಮನೆಯಲ್ಲಿ ಇದೆ ಎಂದು ಬೀದಿಗೆಲ್ಲ ಗೊತ್ತು.

ಅಜ್ಜನ ನೆನಪನ್ನು ಗೋಡೆ, ಡಬ್ಬಿ, ದಾರ ಹಂಚಿಕೊಂಡಿವೆ. ಅದಕ್ಕೆ ಶಿಸ್ತು ಎಂದು ಹೆಸರು. ಮೊಮ್ಮಗನ ನೆನಪನ್ನು ಒಂದು ಚಾರ್ಟ್ ಹೊತ್ತುಕೊಂಡರೆ ಅದು ಊರುಗೋಲು. ಈ ವ್ಯತ್ಯಾಸ ಎಲ್ಲಿಂದ ಬಂತು?

ನಂತರ ಸೇರಿಸಿದ್ದು: ಚಾರ್ಟ್ ಕೆಲಸ ಮಾಡಿತು, ಒಂದಷ್ಟು ದಿನ. ಆಮೇಲೆ ಹುಡುಗನಿಗೆ ಅದು ಕಾಣುವುದೇ ನಿಂತುಹೋಯಿತು, ಗೋಡೆಯ ಬಣ್ಣದಂತೆ. ಎಜುಕೇಟರ್‌ಗೆ ಆಶ್ಚರ್ಯವಾಗಲಿಲ್ಲ. ಜಾಗ ಬದಲಿಸಿ, ಚಿತ್ರ ಬದಲಿಸಿ, ಮುಂದಿನದನ್ನು ಅವನೇ ಬರೆಯಲಿ ಅಂದರಂತೆ. ಹುಡುಗ ಶೂ ಇರುವಲ್ಲಿ ಟಿ. ರೆಕ್ಸ್‌ನ ಪಾದ ಬರೆದಿದ್ದಾನೆ.

ಗೊಣಗುವವರು

ಹುಡುಗ ಲೆಕ್ಕ ಮಾಡುವಾಗ ಬಾಯಿಬಿಟ್ಟು ಮಾತಾಡುತ್ತಾನೆ. "ಏಳು ಇಳಿಸ್ದೆ... ಈಗ ಒಂದು ದಶಕ ಸಾಲ ತಗೊ... ಅಯ್ಯೋ, ಇದು ಕೂಡೋದು." ಕ್ಲಾಸಿನಲ್ಲಿ ಇದಕ್ಕೆ ಬೈಗುಳ.

ಲೆವ್ ವೈಗೋಟ್‌ಸ್ಕಿ 1930ರ ದಶಕದಲ್ಲೇ ಇದನ್ನು ಗಮನಿಸಿದ್ದ. ಮಗು ತನಗೆ ತಾನೇ ಹೇಳಿಕೊಳ್ಳುವ ಮಾತು ಬರೀ ಗದ್ದಲವಲ್ಲ, ಕೆಲಸವನ್ನು ನಡೆಸುವ ಸಾಧನ. ಮೊದಲು ಗಟ್ಟಿಯಾಗಿ, ಆಮೇಲೆ ಪಿಸುದನಿಯಲ್ಲಿ, ಕೊನೆಗೆ ಒಳಗೇ ನಡೆಯುತ್ತದೆ ಎಂದ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮಾತು ಹೀಗೆ ಒಳಕ್ಕಿಳಿಯುವುದು ತಡ ಎಂದು ಲಾರಾ ಬರ್ಕ್ ಮತ್ತು ಮೈಕೆಲ್ ಪಾಟ್ಸ್ 1991ರಲ್ಲಿ ತೋರಿಸಿದರು.

ಅಜ್ಜಿ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು: "ಗ್ಯಾಸ್ ಆಫು, ಗೀಜರ್ ಆಫು, ಹಿತ್ತಲ ಬಾಗಿಲು, ಬೀಗ." ಗಟ್ಟಿಯಾಗಿಯೇ ಹೇಳುತ್ತಾರೆ, ದಿನವೂ, ಎಪ್ಪತ್ತು ದಾಟಿದ ಮೇಲೂ. ಯಾರೂ ಸುಮ್ಮನಿರಿಸುವುದಿಲ್ಲ.

ಪರೀಕ್ಷೆಯ ಕೊಠಡಿ

ಇದು ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುತ್ತಿದೆ. ಹುಡುಗನನ್ನು ಒಂದು ಕ್ಲಿನಿಕ್ಕಿನಲ್ಲಿ ಪರೀಕ್ಷಿಸಿದರು. ಮೂರು ಕಡ್ಡಿಗಳಿಗೆ ಬಣ್ಣದ ಮಣಿ ಪೋಣಿಸಿದ ಹಲಗೆ. ತೋರಿಸಿದ ಜೋಡಣೆಗೆ ಆದಷ್ಟು ಕಡಿಮೆ ನಡೆಗಳಲ್ಲಿ ತಲುಪಬೇಕು. ಟಿಮ್ ಶಾಲಿಸ್ 1982ರಲ್ಲಿ ರೂಪಿಸಿದ 'ಟವರ್ ಆಫ್ ಲಂಡನ್'. ಶೋಬಿನಿ ರಾವ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಭಾರತೀಯರಿಗಾಗಿ ಸಿದ್ಧಪಡಿಸಿದ ನಿಮ್ಹಾನ್ಸ್ ಪರೀಕ್ಷಾಮಾಲೆಯಲ್ಲಿಯೂ ಇದು ಇದೆ. ಯೋಜನಾ ಶಕ್ತಿ ಅಳೆಯುವುದು ಇದರ ಕೆಲಸ. ಹುಡುಗ ಚೆನ್ನಾಗಿ ಮಾಡಿದ. ಮರುದಿನ ಟಿಫಿನ್ ಡಬ್ಬಿ ಬಿಟ್ಟು ಶಾಲೆಗೆ ಹೋದ.

ಇದು ಇವನೊಬ್ಬನ ಕಥೆ ಅಲ್ಲ. ಮ್ಯಾಗಿ ಟೊಪ್ಲಾಕ್ ಮತ್ತಿತರರು 2013ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಇಂಥ ಪರೀಕ್ಷೆಗಳ ಅಂಕಕ್ಕೂ ಮನೆ-ಶಾಲೆಯವರು ದಿನನಿತ್ಯ ಕಂಡು ಕೊಡುವ ವರದಿಗೂ ಹೊಂದಾಣಿಕೆ ತೀರಾ ಕಡಿಮೆ ಇತ್ತು. ಯೋಚಿಸಿದರೆ ಸಹಜವೇ. ಆ ಕೊಠಡಿಯಲ್ಲಿ ಸದ್ದಿಲ್ಲ, ಬೆಕ್ಕಿಲ್ಲ. ಮಾಡಬೇಕಾದ ಕೆಲಸ ಒಂದೇ, ಅದೂ ಮೇಜಿನ ಮೇಲೆ ಕಣ್ಣೆದುರಿಗಿದೆ. ಯಾವಾಗ ಶುರುಮಾಡಬೇಕು ಎಂದು ಹೇಳಲು ಎದುರಿಗೊಬ್ಬರು ಕೂತಿದ್ದಾರೆ. ಹುಡುಗನ ಕೊರತೆಗೆ ಬೇಕಾದ ಬೆಂಬಲವನ್ನೆಲ್ಲ ಕೊಠಡಿಯೇ ಕೊಟ್ಟುಬಿಟ್ಟಿದೆ. ಅಂಕ ಹುಡುಗನದೋ, ಕೊಠಡಿಯದೋ?

ಅವಧಾನ

"ಗಣೇಶರ ಅವಧಾನ ನೋಡು, ಏಕಾಗ್ರತೆ ಅಂದ್ರೆ ಅದು." ಹುಡುಗನಿಗೆ ಕೊಟ್ಟ ಉಪದೇಶ. ಶತಾವಧಾನಿ ಆರ್. ಗಣೇಶರ ಅಷ್ಟಾವಧಾನವನ್ನು ನೋಡಿದವರು ಯಾರೇ ಆದರೂ ಬೆರಗಾಗುತ್ತಾರೆ. ಪ್ರಶ್ನೆ ಒಡ್ಡುವ ಎಂಟು ಮಂದಿ ಪೃಚ್ಛಕರು, ಅವಧಾನಿಯ ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ನಿಷೇಧಾಕ್ಷರಿಯಲ್ಲಿ ಬರಲಿರುವ ಅಕ್ಷರವನ್ನೇ ಪೃಚ್ಛಕ ಊಹಿಸಿ ಬೇಡ ಅನ್ನುತ್ತಾನೆ, ತುದಿನಾಲಗೆಯ ಪದವನ್ನು ನುಂಗಿ ಬೇರೆ ಪದ ಹುಡುಕಬೇಕು. ಅಪ್ರಸ್ತುತ ಪ್ರಸಂಗಿ ನಡುನಡುವೆ ಹರಟೆಗೆಳೆಯುತ್ತಾನೆ. ಕೊನೆಯಲ್ಲಿ ಬಿಡಿಬಿಡಿಯಾಗಿ ಕಟ್ಟಿದ ಪದ್ಯಗಳನ್ನೆಲ್ಲ ಪೂರ್ತಿಯಾಗಿ ಒಪ್ಪಿಸುವ ಧಾರಣ. ಹಿಡಿಯುವುದು, ತಡೆಯುವುದು, ಹೊರಳುವುದು ಮೂರೂ ಒಂದೇ ವೇದಿಕೆಯ ಮೇಲೆ.

ಆದರೆ ವೇದಿಕೆಯ ಏರ್ಪಾಡನ್ನೂ ನೋಡಬೇಕು. ಸುತ್ತುಗಳಿವೆ, ಸುತ್ತಿಗೊಂದು ಪಾದ ಮಾತ್ರ ಕಟ್ಟಬೇಕು. ಯಾರ ನಂತರ ಯಾರು ಎಂಬುದು ಗೊತ್ತು. ಸಭೆ ಮೌನವಾಗಿ ಜೊತೆಗಿದೆ. ತಲೆಕೆಡಿಸುವವನಿಗೂ ಗೊತ್ತುಮಾಡಿದ ಕುರ್ಚಿ ಇದೆ, ಎಂಟರಲ್ಲಿ ಒಂದು. ನಲವತ್ತು ಮಕ್ಕಳ ತರಗತಿಯಲ್ಲಿ ನಮ್ಮ ಹುಡುಗನಿಗೆ ಅಪ್ರಸ್ತುತ ಪ್ರಸಂಗಿಗಳೇ ಮೂವತ್ತೊಂಬತ್ತು.

ಕೈಯಲ್ಲಿ ಕಾಣುವ ಕಾಲ

ಅವನು ಸಂಗೀತ ಕ್ಲಾಸಿಗೆ ಹೋಗುತ್ತಾನೆ. "ಐದು ನಿಮಿಷದಲ್ಲಿ ಬರ್ತೀನಿ" ಅಂದವನು ಮುಕ್ಕಾಲು ಗಂಟೆ ಬಿಟ್ಟು ಬರುವವನು, ಆದಿತಾಳ ಹಾಕುವಾಗ ತಪ್ಪುವುದಿಲ್ಲ. ಎಂಟು ಅಕ್ಷರ, ನಾಲ್ಕು-ಎರಡು-ಎರಡು. ಪೆಟ್ಟು, ಬೆರಳೆಣಿಕೆ, ಬೀಸು. ಎಲ್ಲಿದ್ದೇನೆ, ಇನ್ನೆಷ್ಟು ಬಾಕಿ ಎಂಬುದು ಕೈಯಲ್ಲೇ ಕಾಣುತ್ತದೆ, ತೊಡೆಗೆ ತಾಗುತ್ತದೆ.

ಐದು ನಿಮಿಷ ಎಲ್ಲಿ ಕಾಣುತ್ತದೆ? ಗೋಡೆ ಗಡಿಯಾರದಲ್ಲಿ, ಲೆಕ್ಕ ಹಾಕಿದರೆ. ಮೊಬೈಲಿನಲ್ಲಂತೂ ಅಂಕಿ ಬದಲಾಗುತ್ತದೆ, ಅಷ್ಟೆ; ಕಳೆದದ್ದೂ ಇಲ್ಲ, ಉಳಿದದ್ದೂ ಇಲ್ಲ. ಬಣ್ಣದ ತಟ್ಟೆ ಕರಗುತ್ತ ಹೋಗುವ ಟೈಮರ್‌ಗಳನ್ನು ಥೆರಪಿಸ್ಟ್‌ಗಳು ಶಿಫಾರಸು ಮಾಡುವುದು ಇದಕ್ಕೇ ಇರಬೇಕು. ತಾಳ ಸೆಕೆಂಡುಗಳ ಲೆಕ್ಕ, ಹೋಂವರ್ಕ್ ಗಂಟೆಯ ಲೆಕ್ಕ, ಒಂದರ ಜಾಣತನ ಇನ್ನೊಂದಕ್ಕೆ ಬರುತ್ತದೆ ಎನ್ನಲಾರೆ. ಮೇಷ್ಟ್ರ ಕ್ರಮ ಮಾತ್ರ ಹಿಡಿಸಿತು. ಅವರು "ಕಾಲದ ಕಡೆ ಗಮನ ಕೊಡು" ಎಂದು ಒಮ್ಮೆಯೂ ಹೇಳಿದ್ದು ಕೇಳಲಿಲ್ಲ. ಕೈಗೆ ತಾಳ ಕೊಟ್ಟರು.

ಗಂಟೆಗೆ ಇಪ್ಪತ್ತು ನಿಮಿಷ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ತೊಂದರೆ ಇದೆ. ಎಡಿಎಚ್‌ಡಿಗೆ ಪ್ರತ್ಯೇಕ ಹೆಸರಿಲ್ಲ. ಕೇಂದ್ರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಅರ್ಹರಾದವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚುವರಿ ಸಮಯ ಕೊಟ್ಟಿತು. ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ.

ನಿಧಾನವಾಗಿ ಓದುವ, ಬರೆಯುವ ಮಗುವಿಗೆ ಇದು ದೊಡ್ಡ ಆಸರೆ. ಆದರೆ ಕಷ್ಟ ಇರುವುದು ಕಾಲದ ಅಂದಾಜಿನಲ್ಲಿಯೇ ಆದರೆ? ಚಾಮರಾಜಪೇಟೆಯ ಪರಿಚಯದ ಒಬ್ಬ ತಾಯಿ ಹೇಳಿದ್ದು: ಮಗಳು ಮೊದಲ ಎರಡು ಅಂಕದ ಪ್ರಶ್ನೆಗೆ ಎರಡು ಪುಟ ಬರೆದಳು, ಹೆಚ್ಚುವರಿ ಗಂಟೆ ಅದಕ್ಕೇ ಹೋಯಿತು. ಮುಂದಿನ ಸಲ ಮನೆಯ ಮಾದರಿ ಪರೀಕ್ಷೆಯಲ್ಲಿ ಅವರು ಪತ್ರಿಕೆಯ ಅಂಚಿನಲ್ಲಿ ಪ್ರತಿ ವಿಭಾಗ ಶುರುಮಾಡಬೇಕಾದ ಗಡಿಯಾರದ ಹೊತ್ತನ್ನು ಅವಳ ಕೈಯಲ್ಲೇ ಬರೆಸಿದರು. 'ಹತ್ತೂವರೆಗೆ ಬಿ ಭಾಗ.' ಆ ಒಂದು ಸಾಲು ಹೆಚ್ಚುವರಿ ಗಂಟೆಗಿಂತ ಹೆಚ್ಚು ಕೆಲಸ ಮಾಡಿತಂತೆ. ಹಾಗಂತ ಗಂಟೆ ಬೇಡ ಎಂದಲ್ಲ. ಸಮಯ ಕೊಟ್ಟವರು ಅದನ್ನು ಬಳಸಲು ಕಲಿಸುವ ಹೊಣೆಯನ್ನೂ ಯಾರ ಮೇಲಾದರೂ ಹಾಕಬೇಕಿತ್ತು.

ದೋಸೆ ಖಾಲಿ

ತಂಗಿಯ ಮಗಳು ಮಲ್ಲೇಶ್ವರದವಳು, ಹದಿಮೂರು ವರ್ಷ, ಆಟಿಸಂ. ಅವಳ ಕ್ರಮಪ್ರೀತಿಗೆ ಮಲ್ಲೇಶ್ವರ ಹೇಳಿ ಮಾಡಿಸಿದ ಊರು, ಕ್ರಾಸುಗಳೆಲ್ಲ ಅಂಕಿಯಲ್ಲಿವೆ. ಅಮ್ಮನ ಜೊತೆ ಮೆಟ್ರೋದಲ್ಲಿ ಬಸವನಗುಡಿಗೆ ಬರುವಾಗ ಅವಳೇ ಮುಂದೆ. ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜ್. ಯಾವ ಕಡೆಯ ಬಾಗಿಲು ತೆರೆಯುತ್ತದೆ ಎಂದು ಧ್ವನಿ ಮೊದಲೇ ಹೇಳುತ್ತದೆ. ಮುಂದೇನು ಎಂದು ಮೊದಲೇ ಹೇಳುವ ಜಾಗ ಈ ಊರಲ್ಲಿ ಇನ್ನೆಷ್ಟಿವೆ? ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜಾ ಎಂಬುದೂ ಅವಳಿಗೆ ತೊಂದರೆಯಲ್ಲ, ಪ್ರತಿ ಶುಕ್ರವಾರವೂ ರಜಾ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೂ ಕ್ಯಾಲೆಂಡರಿನಲ್ಲಿದೆ, ಅವಳಿಗೆ ಒಪ್ಪಿಗೆ.

ಒಪ್ಪಿಗೆ ಇಲ್ಲದ್ದು, ಇನ್ನೊಂದು ಹೋಟೆಲಿನಲ್ಲಿ ಮಾಣಿ ಹೇಳಿದ ಮೂರು ಪದ: "ದೋಸೆ ಖಾಲಿ, ಇಡ್ಲಿ." ಅವತ್ತಿನ ಅಳು, ಸುತ್ತಲಿನ ಟೇಬಲ್ಲುಗಳ ನೋಟ, "ಮುದ್ದು ಜಾಸ್ತಿಯಾಗಿದೆ" ಎಂಬ ಪಿಸುಮಾತು ಇವನ್ನು ವಿಸ್ತರಿಸುವುದಿಲ್ಲ.

ಈಗ ತಂಗಿ ಹೊರಡುವ ಮುಂಚೆ ಒಂದು ಚೀಟಿ ಬರೆಸುತ್ತಾಳೆ. ಪ್ಲಾನ್ ಎ: ಮಸಾಲೆ ದೋಸೆ. ದೋಸೆ ಇಲ್ಲದಿದ್ದರೆ ಪ್ಲಾನ್ ಬಿ: ಖಾರಾಬಾತ್. ವಾಷಿಂಗ್ಟನ್ನಿನ ಲಾರೆನ್ ಕೆನ್‌ವರ್ದಿ ಮತ್ತು ಜೊತೆಗಾರರು ಆಟಿಸಂ ಇರುವ ಮಕ್ಕಳಿಗಾಗಿ ಮಾಡಿದ, ಶಾಲೆಗಳಲ್ಲಿ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದ ಪಾಠಕ್ರಮದಲ್ಲೂ ಪ್ಲಾನ್ ಎ, ಪ್ಲಾನ್ ಬಿ ಇವೆ. ಮನೆಯಲ್ಲೂ ಶಾಲೆಯಲ್ಲೂ ಅವೇ ಮಾತು ಬಳಸಬೇಕೆಂಬುದು ಅದರ ಮುಖ್ಯ ಅಂಶ. 'ಹೀಗಾದರೆ ಹೀಗೆ' ಎಂದು ಮೊದಲೇ ಗೊತ್ತುಮಾಡಿಕೊಂಡರೆ ಆ ಕ್ಷಣದ ಹೊರೆ ಇಳಿಯುತ್ತದೆ ಎಂದು ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ದೊಡ್ಡವರ ಬಗ್ಗೆಯೇ ಬರೆದಿದ್ದ.

ಗೊಂದಲ: ಅವಳು ಈಗ ಪ್ಲಾನ್ ಸಿ, ಡಿ, ಇ ಬರೆಯುತ್ತಾಳೆ. ಚೀಟಿ ಇಲ್ಲದೆ ಹೊರಡುವುದಿಲ್ಲ. ಬದಲಾವಣೆಗೆ ಒಗ್ಗುವುದನ್ನು ಕಲಿತಳೋ, ಬದಲಾವಣೆಯನ್ನೇ ಪಟ್ಟಿಗೆ ಸೇರಿಸಿಕೊಂಡಳೋ? ತಂಗಿಯನ್ನು ಕೇಳಿದೆ. "ಹೋಟೆಲಿಗೆ ಹೋಗ್ತಿದ್ದೀವಲ್ಲಣ್ಣ" ಅಂದಳು.

ಕೆರೆ-ದಡ

ಚಾಮರಾಜಪೇಟೆಯ ಒಂದು ಪಾರ್ಕಿನಲ್ಲಿ ಸಂಜೆ ಮಕ್ಕಳು ಕೆರೆ-ದಡ ಆಡುತ್ತಿದ್ದರು. ಗೆರೆಯ ಈಚೆ ದಡ, ಆಚೆ ಕೆರೆ. "ಕೆರೆ" ಅಂದರೆ ಹಾರು, "ದಡ" ಅಂದರೆ ವಾಪಸು. ದಡದಲ್ಲಿ ನಿಂತಿರುವಾಗಲೇ "ದಡ" ಅಂದರೆ ಅಲುಗದೆ ನಿಲ್ಲಬೇಕು. ಅಲ್ಲೇ ಎಲ್ಲರೂ ಔಟಾಗುವುದು. ಕಾಲು ಹೊರಟಾಗಿದೆ, ತಡೆಯಬೇಕು. ಮನಶ್ಶಾಸ್ತ್ರದ ಪ್ರಯೋಗಾಲಯಗಳು ಕಂಪ್ಯೂಟರ್ ಪರದೆಯ ಮೇಲೆ ಅಳೆಯುವ 'ಗೋ / ನೋ-ಗೋ' ಇದೇ, ಮಣ್ಣಿನ ಮೇಲೆ.

ಇದನ್ನೇ ಥೆರಪಿ ಎಂದು ಸಾರಿಬಿಡುವ ಆಸೆಯಾಗುತ್ತದೆ. ಆದರೆ ಮೋನಿಕಾ ಮೆಲ್ಬಿ-ಲೆರ್ವಾಗ್ ಮತ್ತು ಚಾರ್ಲ್ಸ್ ಹ್ಯೂಮ್ 2013ರಲ್ಲಿ ನೆನಪಿನ ಶಕ್ತಿ ಬೆಳೆಸುವ ಕಂಪ್ಯೂಟರ್ ತರಬೇತಿಗಳನ್ನೆಲ್ಲ ತೂಗಿ ನೋಡಿದರು. ಮಕ್ಕಳು ಆ ತರಬೇತಿಯ ಆಟದಲ್ಲಿ ಚುರುಕಾದರು. ಓದು, ಲೆಕ್ಕಕ್ಕೆ ಅದು ಹರಿದುಬಂದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. "ಬ್ರೇನ್ ಡೆವಲಪ್‌ಮೆಂಟ್" ಎಂದು ಬೋರ್ಡು ಹಾಕಿ ಫೀಸು ಕೇಳುವ ಕ್ಲಾಸುಗಳ ಮುಂದೆ ಹಾದುಹೋಗುವಾಗ ಇದು ನೆನಪಿರಲಿ. ಕೆರೆ-ದಡಕ್ಕೂ ಅದೇ ನ್ಯಾಯ ಅನ್ವಯಿಸಬೇಕು. ಶೂ ಹಾಕುವುದನ್ನು ಶೂ ಇರುವಲ್ಲೇ, ಆಟೋ ಬರುವ ಹೊತ್ತಿಗೇ ಕಲಿಯಬೇಕು.

ಹಾಗಾದರೆ ಆಟದಿಂದ ಏನು ಸಿಕ್ಕಿತು? ಬರೆದುಕೊಂಡದ್ದು ಇಷ್ಟು: ಆಟದಲ್ಲಿ ಔಟಾದವನನ್ನು ಯಾರೂ ಸೋಮಾರಿ ಅನ್ನಲಿಲ್ಲ. ತಡೆದುಕೊಳ್ಳುವುದು ಎಲ್ಲರಿಗೂ ಕಷ್ಟ ಎಂದು ಆ ಆಟ ಒಪ್ಪಿಕೊಂಡೇ ಶುರುವಾಗುತ್ತದೆ. ಔಟಾದ ಮಹಡಿ ಮನೆಯ ಹುಡುಗ ಪಕ್ಕಕ್ಕೆ ಬಂದು, ಮುಂದಿನ ಸುತ್ತಿಗೆ "ಕೆರೆ, ದಡ" ಕೂಗುವ ಕೆಲಸ ಕೇಳಿ ಪಡೆದ.

ಇನ್ನೂ ಕೇಳಬೇಕಾದ್ದು

ಎಜುಕೇಟರ್‌ಗೆ: ಚಾರ್ಟ್ ತೆಗೆಯುವ ಹೊತ್ತು ಬಂತೆಂದು ಹೇಗೆ ತಿಳಿಯುತ್ತದೆ? ತೆಗೆಯಲೇಬೇಕೇ?

ಅಜ್ಜನಿಗೆ: ಒಂದು ದಿನ ಮಾತ್ರೆ ಡಬ್ಬಿ ಇಲ್ಲದೆ ಇರಬಲ್ಲಿರಾ? (ಕೇಳುವ ಧೈರ್ಯ ಬಂದ ಮೇಲೆ.)

ತಂಗಿಗೆ: ಶಾಲೆಯಲ್ಲೂ ಪ್ಲಾನ್ ಬಿ ಅನ್ನುತ್ತಾರಾ, ಅಥವಾ ಅಲ್ಲಿ "ಹಟ ಮಾಡಬೇಡ"ವೇ?

ಹುಡುಗನಿಗೆ: ಹೇಗೆ ಸಹಾಯ ಮಾಡಿದರೆ ಅವಮಾನ ಆಗುವುದಿಲ್ಲ? ಇದನ್ನು ಇದುವರೆಗೆ ಅವನನ್ನು ಯಾರಾದರೂ ಕೇಳಿದ್ದಾರೆಯೇ?

ಕ್ಲಾಸ್ ಟೀಚರ್‌ಗೆ: ಡೈರಿ ಬರೆಯುವಾಗ ಪಕ್ಕದ ಹುಡುಗಿ ತನ್ನ ಡೈರಿಯನ್ನು ಇವನ ಕಡೆ ತಿರುಗಿಸಿ ಇಡುತ್ತಿದ್ದಳಂತೆ, ಇವನ ಡೈರಿ ತಪ್ಪಿಲ್ಲದೆ ಮನೆಗೆ ಬರುತ್ತಿತ್ತು. ಕಾಪಿ ಹೊಡೆಯಬಾರದು ಎಂದು ಇಬ್ಬರನ್ನೂ ಬೇರೆ ಕೂರಿಸಿದ್ದಾರೆ. ಹೋಂವರ್ಕನ್ನು ಕಾಪಿ ಹೊಡೆಯುವುದು ಬೇರೆ, ಹೋಂವರ್ಕ್ ಏನೆಂದು ನೋಡಿಕೊಳ್ಳುವುದು ಬೇರೆ ಅಲ್ಲವೇ ಎಂದು ಕೇಳಬೇಕು. ಹೌದು ಅಂದರೆ, ಆ ಹುಡುಗಿಯನ್ನು ಡೈರಿ ಬರೆಯುವ ಹತ್ತು ನಿಮಿಷಕ್ಕಾದರೂ ಮತ್ತೆ ಅವನ ಪಕ್ಕ ಕೂರಿಸಬಹುದೇ ಎಂದೂ ಕೇಳಬೇಕು.